ಸಿಹಿಯ ರುಚಿಯರಿಯದ ಬೆಕ್ಕಿಗೆ ಸಕ್ಕರೆ ಕಾಯಿಲೆ

ಬಚ್ಚಲುಮನೆಯ ಬಕೆಟ್ಟಿನ ಅಂಚಿಗೆ ಮುಂಗಾಲಿಟ್ಟು ದಿನಕ್ಕೆ ಹತ್ತಾರು ಸಲ ನೀರು ಕುಡಿಯುವ ಬೆಕ್ಕನ್ನು ಕಂಡಾಗ ಬೇಸಿಗೆಯ ಸೆಕೆಗೆ ಬಾಯಾರಿಕೆ ಎಂದುಕೊಂಡು ಸುಮ್ಮನಾಗುವುದು ಸುಲಭ. ನಮ್ಮ ಮನೆಯ ಹನ್ನೊಂದು ವರ್ಷದ ಗಂಡು ಬೆಕ್ಕಿನ ವಿಷಯದಲ್ಲಿ ನಾವೂ ಎರಡು ವಾರ ಹಾಗೆಯೇ ಇದ್ದೆವು. ಆದರೆ ಬೆಕ್ಕು ಸ್ವಭಾವತಃ ನೀರು ಕಡಿಮೆ ಕುಡಿಯುವ ಪ್ರಾಣಿ. ಅದರ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ಬೇಕಾದ ನೀರಿನ ಬಹುಪಾಲನ್ನು ಬೇಟೆಯ ಮಾಂಸದಿಂದಲೇ ಪಡೆದು, ಮೂತ್ರವನ್ನು ಬಹಳ ಗಾಢವಾಗಿಸಿ ಹೊರಹಾಕುವ ಮೂತ್ರಪಿಂಡಗಳು ಆ ವಂಶಕ್ಕೆ ಬಂದಿವೆ. ಅಂಥ ಪ್ರಾಣಿ ಪದೇ ಪದೇ ನೀರಿನ ಬಳಿಗೆ ಹೋಗತೊಡಗಿದರೆ, ಕಾಲ ಯಾವುದೇ ಇರಲಿ, ಕಾರಣವನ್ನು ಅದರ ದೇಹದೊಳಗೆ ಹುಡುಕಬೇಕು.

ಕಾರಣ ಮಧುಮೇಹವಾಗಿದ್ದರೆ ಒಳಗೆ ನಡೆಯುವುದು ಹೀಗೆ. ಇನ್ಸುಲಿನ್ ಸಾಲದೆ, ಅಥವಾ ಇದ್ದ ಇನ್ಸುಲಿನ್ನಿಗೆ ಜೀವಕೋಶಗಳು ಸ್ಪಂದಿಸದೆ, ಗ್ಲುಕೋಸ್ ರಕ್ತದಲ್ಲೇ ಉಳಿಯುತ್ತದೆ. ಮನುಷ್ಯರಲ್ಲಿ ರಕ್ತದ ಗ್ಲುಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಅದು ಮೂತ್ರಕ್ಕೆ ಸೋರಲು ತೊಡಗಿದರೆ, ಬೆಕ್ಕಿನಲ್ಲಿ ಈ ಮಿತಿ 250ಕ್ಕೂ ಮೇಲಿದೆ. ಸೋರಿದ ಸಕ್ಕರೆ ತನ್ನೊಡನೆ ನೀರನ್ನೂ ಎಳೆದೊಯ್ಯುವುದರಿಂದ ಮೂತ್ರ ಹೆಚ್ಚುತ್ತದೆ, ಅದರ ಹಿಂದೆಯೇ ಬಾಯಾರಿಕೆ ಹೆಚ್ಚುತ್ತದೆ. ಇತ್ತ ಹಸಿದ ಜೀವಕೋಶಗಳಿಗಾಗಿ ದೇಹ ಸ್ನಾಯು ಮತ್ತು ಕೊಬ್ಬನ್ನು ಕರಗಿಸುವುದರಿಂದ, ಬೆಕ್ಕು ಮೊದಲಿಗಿಂತ ಹೆಚ್ಚು ತಿನ್ನುತ್ತಲೇ ಬಡವಾಗುತ್ತ ಹೋಗುತ್ತದೆ. ಕೆಲವು ಬೆಕ್ಕುಗಳಲ್ಲಿ ನರಗಳಿಗೆ ಹಾನಿಯಾಗಿ ಹಿಂಗಾಲಿನ ನಡಿಗೆಯೇ ಬದಲಾಗುತ್ತದೆ: ಬೆರಳುಗಳ ಮೇಲೆ ನಡೆಯಬೇಕಾದ ಪ್ರಾಣಿ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತದೆ. ನಮ್ಮ ಬೆಕ್ಕು ಕಿಟಕಿಯ ಕಟ್ಟೆಗೆ ಹಾರುವುದನ್ನು ಬಿಟ್ಟಾಗ ನಾವು ಅದಕ್ಕೆ ವಯಸ್ಸಾಯಿತೆಂದು ಮರುಗಿದೆವು. ಅದೂ ಈ ಕಾಯಿಲೆಯದೇ ಗುರುತಾಗಿತ್ತು.

ಬೆಕ್ಕಿನ ಮಧುಮೇಹ ಹೆಚ್ಚಾಗಿ ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಹೋಲುತ್ತದೆ. ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಸುತ್ತ ಅಮಿಲಾಯ್ಡ್ ಎಂಬ ಪ್ರೋಟೀನು ಶೇಖರವಾಗುವುದು ಇಬ್ಬರಲ್ಲೂ ಕಾಣುವ ಸಂಗತಿ. ಮಧ್ಯವಯಸ್ಸು ದಾಟಿದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಮೈಬಂದ, ಮನೆಯೊಳಗೇ ಇರುವ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ತುರಿಕೆಗೋ ಉಬ್ಬಸಕ್ಕೋ ದೀರ್ಘಕಾಲ ಕೊಟ್ಟ ಸ್ಟೀರಾಯ್ಡ್ ಕೂಡ ಕಾರಣವಾಗಬಹುದು. ಆದ್ದರಿಂದ ಪಶುವೈದ್ಯರಿಗೆ ಹಳೆಯ ಔಷಧಿಗಳ ವಿವರವನ್ನು ತಪ್ಪದೆ ಹೇಳಬೇಕು. ರೋಗನಿರ್ಣಯದಲ್ಲಿ ಒಂದು ತೊಡಕಿದೆ. ಬುಟ್ಟಿಯಲ್ಲಿ ಕೂಡಿಹಾಕಿ, ಆಟೋದಲ್ಲಿ ಕರೆದೊಯ್ದು, ನಾಯಿಗಳು ಬೊಗಳುವ ಆಸ್ಪತ್ರೆಯಲ್ಲಿ ಕೂರಿಸಿದ ಆರೋಗ್ಯವಂತ ಬೆಕ್ಕಿನ ರಕ್ತದಲ್ಲೂ ಹೆದರಿಕೆಯಿಂದಲೇ ಗ್ಲುಕೋಸ್ 300ರ ಆಸುಪಾಸಿಗೆ ಏರಬಲ್ಲದು. ಒಂದೇ ಪರೀಕ್ಷೆಯನ್ನು ನಂಬದೆ, ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತೋರುವ ಫ್ರಕ್ಟೋಸಮೀನ್ ಪರೀಕ್ಷೆಯನ್ನು ವೈದ್ಯರು ಮಾಡಿಸುವುದು ಇದಕ್ಕಾಗಿಯೇ.

ನಮ್ಮಲ್ಲಿ ಸಕ್ಕರೆ ಕಾಯಿಲೆಯ ಪರಿಚಯವಿಲ್ಲದ ಮನೆ ವಿರಳ. ಅಜ್ಜನಿಗೋ ಅತ್ತೆಗೋ ಇನ್ಸುಲಿನ್ ಚುಚ್ಚಿ ಅಭ್ಯಾಸವಾದ ಕೈ, ಕಪಾಟಿನಲ್ಲೊಂದು ಗ್ಲುಕೋಮೀಟರ್, ಪಥ್ಯದ ತಿಳಿವಳಿಕೆ ಎಲ್ಲವೂ ಸಿದ್ಧವಾಗಿರುತ್ತವೆ. ಈ ಅನುಭವ ಧೈರ್ಯ ಕೊಡುತ್ತದೆ, ನಿಜ. ಆದರೆ ಬೆಕ್ಕಿನ ಆರೈಕೆಯಲ್ಲಿ ನಡೆಯುವ ದೊಡ್ಡ ತಪ್ಪುಗಳು ಹುಟ್ಟುವುದೂ ಇದೇ ಅನುಭವದಿಂದ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಮೊದಲನೆಯದು ಆಹಾರ. ಬೆಕ್ಕು ಮಾಂಸವನ್ನೇ ತಿಂದು ಬದುಕಲು ರೂಪುಗೊಂಡ ಪ್ರಾಣಿ. ಅದರ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಇಲ್ಲ. ಊಟದ ನಂತರ ಬರುವ ಗ್ಲುಕೋಸನ್ನು ಬೇಗ ಹಿಡಿದಿಡಬೇಕಾದ ಗ್ಲುಕೋಕೈನೇಸ್ ಎಂಬ ಕಿಣ್ವದ ಚಟುವಟಿಕೆ ಅದರ ಯಕೃತ್ತಿನಲ್ಲಿ ತೀರ ಕಡಿಮೆ. ಸಿಹಿಯನ್ನು ಗ್ರಹಿಸುವ ವಂಶವಾಹಿಗಳಲ್ಲೊಂದು ಬೆಕ್ಕಿನಲ್ಲಿ ನಿಷ್ಕ್ರಿಯವಾಗಿದೆ ಎಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಸಿಹಿಯ ರುಚಿಯನ್ನೇ ಅರಿಯದ ಈ ಜೀವಕ್ಕೆ ನಾವು ತಲೆಮಾರುಗಳಿಂದ ಹಾಲು-ಅನ್ನ, ಮೊಸರನ್ನ ಕಲಸಿ ಹಾಕಿದ್ದೇವೆ. ಹಿಂದಿನ ಬೆಕ್ಕು ಅದನ್ನು ತಿಂದು ಕಣಜದ ಇಲಿಗೋ ಹಿತ್ತಲಿನ ಓತಿಕ್ಯಾತಕ್ಕೋ ಹೋಗುತ್ತಿತ್ತು. ಮೂರನೆಯ ಮಹಡಿಯ ಮನೆಯಲ್ಲಿರುವ ಬೆಕ್ಕಿಗೆ ಅನ್ನವೇ ಗತಿ. ಸಕ್ಕರೆ ಇಲ್ಲವೆಂದು ಅನ್ನದ ಬದಲು ರಾಗಿಯನ್ನೋ ಗೋಧಿಯನ್ನೋ ಕೊಟ್ಟರೆ ಪಿಷ್ಟದ ಹೆಸರು ಬದಲಾಗುತ್ತದೆಯೇ ಹೊರತು ಹೊರೆ ತಗ್ಗುವುದಿಲ್ಲ. ಕಾಳುಗಳಂತಿರುವ ಒಣ ಆಹಾರಕ್ಕೂ ಪಿಷ್ಟ ಸೇರಿಸಿಯೇ ಆಕಾರ ಕೊಟ್ಟಿರುತ್ತಾರೆ. ಮಧುಮೇಹವಿರುವ ಬೆಕ್ಕಿಗೆ ಪ್ರೋಟೀನು ಹೆಚ್ಚಿರುವ, ಪಿಷ್ಟ ಬಹಳ ಕಡಿಮೆಯಿರುವ, ನೀರಿನಂಶವುಳ್ಳ ಆಹಾರ ಬೇಕು. ಮೂತ್ರಪಿಂಡದ ತೊಂದರೆಯೂ ಇದ್ದರೆ ಲೆಕ್ಕ ಬೇರೆ. ಅದನ್ನು ವೈದ್ಯರೇ ನಿರ್ಧರಿಸಬೇಕು. ಮಾಂಸ ಬೇಯಿಸದ ಮನೆಯವರಿಗೆ ಇದು ಕಷ್ಟದ ಮಾತೆಂದು ಬಲ್ಲೆ, ನಮ್ಮ ಮನೆಯೂ ಅಂಥದ್ದೇ. ಬೆಕ್ಕಿಗಾಗಿಯೇ ಸಿದ್ಧಪಡಿಸಿದ ಡಬ್ಬಿಯ, ಪೊಟ್ಟಣದ ಮಾಂಸಾಹಾರವನ್ನು ಬೇರೆ ತಟ್ಟೆಯಲ್ಲಿ ಕೊಡುವ ದಾರಿಯನ್ನು ನಾವು ಹಿಡಿದೆವು. ಬರಿಯ ಬೇಯಿಸಿದ ಕೋಳಿಮಾಂಸವೂ ದೀರ್ಘಕಾಲಕ್ಕೆ ಸಾಲದು; ಕ್ಯಾಲ್ಸಿಯಂ, ಟಾರಿನ್ ಮುಂತಾದವುಗಳ ಕೊರತೆಯಾಗುತ್ತದೆ. ಟಾರಿನ್ ಇಲ್ಲದೆ ಬೆಕ್ಕಿನ ಕಣ್ಣು ಮತ್ತು ಹೃದಯ ಎರಡೂ ಕೆಡುತ್ತವೆ.

ಉಪವಾಸವನ್ನಂತೂ ಬೆಕ್ಕಿಗೆ ಮಾಡಿಸಲೇಬಾರದು. ದಪ್ಪಗಿನ ಬೆಕ್ಕು ಕೆಲವೇ ದಿನ ಆಹಾರ ಬಿಟ್ಟರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗುತ್ತದೆ. ತೂಕ ಇಳಿಸಬೇಕಿದ್ದರೆ ವಾರಕ್ಕೆ ದೇಹತೂಕದ ಶೇಕಡಾ 1ರ ಆಸುಪಾಸಿನಲ್ಲಿ, ನಿಧಾನವಾಗಿ ಇಳಿಸಬೇಕು.

ಇನ್ಸುಲಿನ್ ಮನುಷ್ಯರಿಗೆ ಮೊದಲ ಬಾರಿ ದೊರೆತದ್ದು 1922ರ ಜನವರಿಯಲ್ಲಿ, ಟೊರಾಂಟೊದ 14 ವರ್ಷದ ಹುಡುಗನೊಬ್ಬನಿಗೆ. ಮುಂದೆ ದಶಕಗಳ ಕಾಲ ಅದನ್ನು ದನ ಮತ್ತು ಹಂದಿಗಳ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಬೆಕ್ಕಿನ ಇನ್ಸುಲಿನ್ನಿನ 51 ಅಮೈನೋ ಆಮ್ಲಗಳಲ್ಲಿ ದನದ ಇನ್ಸುಲಿನ್ನಿಗಿಂತ ಬೇರೆಯಾಗಿರುವುದು ಒಂದು, ಮನುಷ್ಯರದ್ದಕ್ಕಿಂತ ಬೇರೆಯಾಗಿರುವುದು ನಾಲ್ಕು. ಆದರೂ ಮನುಷ್ಯರಿಗೆಂದು ತಯಾರಾದ ಗ್ಲಾರ್ಜಿನ್ ಇನ್ಸುಲಿನ್ ಬೆಕ್ಕಿಗೂ ಒಗ್ಗುತ್ತದೆ. ಸಾಮಾನ್ಯವಾಗಿ ಒಂದು ಯೂನಿಟ್ಟಿನಷ್ಟು ಸಣ್ಣ ಪ್ರಮಾಣದಿಂದ, 12 ಗಂಟೆಗೊಮ್ಮೆ ಎಂಬಂತೆ ಆರಂಭಿಸುತ್ತಾರೆ. ಅಪಾಯವಿರುವುದು ಸಿರಿಂಜಿನಲ್ಲಿ. ನಮ್ಮ ಔಷಧಿ ಅಂಗಡಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಇನ್ಸುಲಿನ್ನೂ 100 ಯೂನಿಟ್ಟಿನದೂ ಸಿಗುತ್ತವೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. 100ರ ಗ್ಲಾರ್ಜಿನ್ನನ್ನು ಅಜ್ಜನ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದರ ಗೆರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಎರಡೂವರೆ ಯೂನಿಟ್. ಐದು ಕಿಲೋ ತೂಗುವ ಜೀವಕ್ಕೆ ಇದು ಮಾರಕವಾಗಬಲ್ಲದು.

ಚುಚ್ಚುವ ಭಯಕ್ಕಿಂತ ಈ ಎಚ್ಚರ ಮುಖ್ಯ. ಸೂಜಿ ಕೂದಲೆಳೆಯಷ್ಟು ಸಣ್ಣದು; ಬೆಕ್ಕು ತಿನ್ನುತ್ತಿರುವಾಗ ಪಕ್ಕೆಯ ಸಡಿಲ ಚರ್ಮವನ್ನೆತ್ತಿ ಚುಚ್ಚಿದರೆ ಅನೇಕ ಬೆಕ್ಕುಗಳು ತಲೆ ಎತ್ತುವುದೂ ಇಲ್ಲ. ಮೊದಲು ಅದು ಉಣ್ಣುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಊಟ ಮುಟ್ಟದ ದಿನ ಎಂದಿನ ಪ್ರಮಾಣ ಕೊಡದೆ ವೈದ್ಯರನ್ನು ಕೇಳಬೇಕು. ಸೂಜಿ ಒಳಗೆ ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಇನ್ನೊಮ್ಮೆ ಕೊಡಬಾರದು. ಒಂದು ಹೊತ್ತಿನ ಇನ್ಸುಲಿನ್ ತಪ್ಪಿದರೆ ಆಗುವ ನಷ್ಟ ಅಲ್ಪ, ಎರಡು ಪಟ್ಟಾದರೆ ಆಗುವುದು ಅಲ್ಪವಲ್ಲ. ತೂರಾಡುವುದು, ನಿತ್ರಾಣ, ದಿಟ್ಟಿಯಿಲ್ಲದ ನೋಟ, ಸೆಳವು, ಇವು ಸಕ್ಕರೆ ಕುಸಿದ ಲಕ್ಷಣಗಳು. ಆಗ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಒಸಡಿಗೆ ಸವರಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಪ್ರಜ್ಞೆಯಿಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು.

ಮನೆಯ ಗ್ಲುಕೋಮೀಟರನ್ನೂ ಅರಿತೇ ಬಳಸಬೇಕು. ಮನುಷ್ಯರ ರಕ್ತದ ಗ್ಲುಕೋಸಿನಲ್ಲಿ ಸುಮಾರು ಶೇಕಡಾ 42 ಭಾಗ ಕೆಂಪು ಕಣಗಳಲ್ಲಿದ್ದು ಉಳಿದದ್ದು ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿದ್ದರೆ, ಬೆಕ್ಕಿನ ಕಣಗಳಲ್ಲಿರುವುದು ಶೇಕಡಾ 7 ಮಾತ್ರ. ನಮ್ಮ ಲೆಕ್ಕಕ್ಕೆ ಹೊಂದಿಸಿದ ಯಂತ್ರ ಆದ್ದರಿಂದ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಏರಿಳಿತದ ಅಂದಾಜಿಗೆ ಅದು ಸಾಕು, ಆದರೆ ಪ್ರಮಾಣ ಬದಲಿಸುವ ಮುನ್ನ ಈ ವ್ಯತ್ಯಾಸವನ್ನು ವೈದ್ಯರ ಗಮನಕ್ಕೆ ತರಬೇಕು. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆಯುವುದನ್ನು ನಾವು ನಾಲ್ಕೇ ದಿನದಲ್ಲಿ ಕಲಿತೆವು.

ಹೊಸದಾಗಿ ಪತ್ತೆಯಾದ ಬೆಕ್ಕಿಗೆ ಬೇಗನೆ ಇನ್ಸುಲಿನ್ ಮತ್ತು ಪಿಷ್ಟ ಕಡಿಮೆಯಿರುವ ಆಹಾರ ಸಿಕ್ಕರೆ, ದಣಿದ ಗ್ರಂಥಿ ಚೇತರಿಸಿಕೊಂಡು ಕೆಲವೇ ತಿಂಗಳಲ್ಲಿ ಇನ್ಸುಲಿನ್ ಬೇಡವಾಗುವ ಸಾಧ್ಯತೆಯಿದೆ. ಇದು ಈ ಕಾಯಿಲೆಯ ಬಹುದೊಡ್ಡ ಸಮಾಧಾನ. ತಡ ಮಾಡದಿರಲು ಇರುವ ಕಾರಣವೂ ಇದೇ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ ಬೆಕ್ಕುಗಳಿಗಾಗಿ ಒಪ್ಪಿಗೆ ಸಿಕ್ಕಿದೆ. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುತ್ತವೆ. ಆದರೆ ಎಂದೂ ಇನ್ಸುಲಿನ್ ಪಡೆಯದ, ಬೇರೆ ರೀತಿಯಲ್ಲಿ ಆರೋಗ್ಯವಾಗಿರುವ ಬೆಕ್ಕುಗಳಿಗೆ ಮಾತ್ರ. ಸಕ್ಕರೆ ಹೆಚ್ಚಿಲ್ಲದಿದ್ದಾಗಲೂ, ಕೊಬ್ಬು ಕರಗುವಾಗ ಹುಟ್ಟುವ ಕೀಟೋನುಗಳಿಂದ ರಕ್ತ ಆಮ್ಲೀಯವಾಗುವ ಅಪಾಯ ಇವುಗಳಲ್ಲಿರುವುದರಿಂದ ನಿಗಾ ಬೇಕೇ ಬೇಕು. ಮನೆಯ ಹಿರಿಯರ ಮಾತ್ರೆಯನ್ನು ಮುರಿದು ಬೆಕ್ಕಿಗೆ ಕೊಡುವ ಪ್ರಯೋಗ ಯಾರಿಗೂ ಬೇಡ. ಇನ್ಸುಲಿನ್ ಎಷ್ಟು ಏರಿಸಿದರೂ ಸಕ್ಕರೆ ಇಳಿಯದಿದ್ದರೆ ಹಲ್ಲಿನ ಸೋಂಕು, ಮೂತ್ರದ ಸೋಂಕು, ಅಥವಾ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಬೆಳೆದು ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿರುವುದು, ಇವುಗಳಲ್ಲೊಂದು ಇದೆಯೇ ಎಂದು ಹುಡುಕಿಸಬೇಕು.

ನಮ್ಮ ಬೆಕ್ಕಿಗೆ ಇನ್ಸುಲಿನ್ ಇನ್ನೂ ನಿಂತಿಲ್ಲ. ಬೆಳಿಗ್ಗೆ ಏಳಕ್ಕೆ ಒಂದು ಯೂನಿಟ್, ಸಂಜೆ ಏಳಕ್ಕೆ ಒಂದು ಯೂನಿಟ್. ನೀರಿನ ಬಟ್ಟಲನ್ನು ಅಳೆದು ತುಂಬಿಸಿ, ರಾತ್ರಿ ಉಳಿದದ್ದನ್ನು ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡುತ್ತೇವೆ. ಐದನೆಯ ತಿಂಗಳಲ್ಲಿ ಹಿಮ್ಮಡಿ ನೆಲದಿಂದ ಎದ್ದಿತು, ಹೋದ ವಾರ ಕಿಟಕಿಯ ಕಟ್ಟೆಗೆ ಎರಡು ಸಲ ಹಾರಿತು.