ಚಪ್ಪಲಿಗೆ ಹರಳೆಣ್ಣೆ ಸರಿ, ಸ್ಟಿಯರಿಂಗ್‌ಗೆ ಯಾಕಲ್ಲ?

ನಮ್ಮ ಮಾವನವರ ಕಾರಿಗೆ ಈಗ ಹದಿನಾರು ವರ್ಷ. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ. ಸ್ಟಿಯರಿಂಗ್‌ಗೆ ಹೊದಿಸಿದ ತೊಗಲು ಮಾತ್ರ ಹಾಳಾಗಿತ್ತು. ಬಲಗಡೆ, ಗಡಿಯಾರದಲ್ಲಿ ಎರಡು-ಮೂರು ಗಂಟೆ ಇರುವ ಜಾಗದಲ್ಲಿ, ಕಪ್ಪು ಬಣ್ಣ ಹೋಗಿ ಬೂದು ಬೂದಾಗಿ ನೂಲೆದ್ದಿತ್ತು. ಅದರ ಸುತ್ತ ಮಿರಮಿರ ಮಿಂಚು, ಮುಟ್ಟಿದರೆ ಅಂಟಂಟು. ಎಡಗಡೆ ಅಷ್ಟು ಸವೆದಿರಲಿಲ್ಲ. ನಮ್ಮಲ್ಲಿ ಎಡಗೈ ಪದೇ ಪದೇ ಗೇರ್‌ಗೆ ಹೋಗುತ್ತದೆ, ಬಲಗೈ ಸ್ಟಿಯರಿಂಗ್ ಬಿಡುವುದೇ ಕಮ್ಮಿ. ಕಿಟಕಿಯ ಬಿಸಿಲೂ ಆ ಕಡೆಗೇ ಜಾಸ್ತಿ.

ಮಾವನವರು ಅಥಣಿಯವರು. "ಔಡಲೆಣ್ಣಿ ಹಚ್ಚ್ರಿ, ಮೆತ್ತಗಾಗ್ತದ" ಅಂದರು. ನಾವು ಹರಳೆಣ್ಣೆ ಅನ್ನುವುದು ಅವರಿಗೆ ಔಡಲೆಣ್ಣೆ. ಅವರ ಮನೆಯಲ್ಲಿ ಚಪ್ಪಲಿಗೆ ಅದನ್ನೇ ಹಚ್ಚುತ್ತಾರೆ, ಚಪ್ಪಲಿ ವರ್ಷಗಟ್ಟಲೆ ಬಾಳುತ್ತದೆ. ನಾನೂ ನಂಬಿ ಹಚ್ಚಿದೆ. ಒಂದು ವಾರ ಸ್ಟಿಯರಿಂಗ್ ಕೈಯಲ್ಲಿ ಜಾರುತ್ತಿತ್ತು, ಧೂಳೆಲ್ಲ ಅದರ ಮೇಲೆ ಕೂತಿತು, ಅಂಟು ಇನ್ನೂ ಹೆಚ್ಚಾಯಿತು. ಚಪ್ಪಲಿಗೆ ಒಳ್ಳೆಯದಾದ ಎಣ್ಣೆ ಇಲ್ಲಿ ಯಾಕೆ ಕೆಡಿಸಿತು? ಎರಡೂ ತೊಗಲೇ ಅಲ್ವಾ?

ತೊಗಲೇ, ಆದರೆ ಹದ ಬೇರೆ. ಹಸಿ ಚರ್ಮದಲ್ಲಿ ಮುಖ್ಯವಾಗಿ ಇರುವುದು ಕೊಲ್ಲಾಜೆನ್ ಎಂಬ ಪ್ರೋಟೀನು. ಮೂರು ಎಳೆ ಹೊಸೆದ ಹಗ್ಗದ ಹಾಗೆ ಅದರ ರಚನೆ. ಅಂಥ ಹಗ್ಗಗಳು ಸೇರಿ ನಾರು, ನಾರುಗಳು ಹೆಣೆದುಕೊಂಡು ಚರ್ಮ. ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಹದ ಮಾಡುವುದೆಂದರೆ ಈ ಹಗ್ಗಗಳ ನಡುವೆ ಬಿಗಿಯಾದ ಕೊಂಡಿ ಹಾಕುವುದು. ಅಥಣಿಯ ಚಪ್ಪಲಿ ತೊಗಲಿಗೆ ಕರಿಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುವುದು ಹಳೆಯ ಪದ್ಧತಿ. ಅವುಗಳಲ್ಲಿರುವ ಟ್ಯಾನಿನ್ನೇ ಅಲ್ಲಿ ಕೊಂಡಿ. ಅಳಲೆಕಾಯಿ ಕಚ್ಚಿದರೆ ನಾಲಿಗೆ ಹಿಡಿದ ಹಾಗಾಗುತ್ತದಲ್ಲ, ಅದೇ ಒಗರು. ನಮ್ಮ ಎಂಜಲಿನ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿದಂತೆ ಆಗುತ್ತದೆ. ಚರ್ಮದ ತೊಟ್ಟಿಯಲ್ಲಿ ಆಗುವುದೂ ಹೆಚ್ಚುಕಮ್ಮಿ ಇದೇ.

ಕಾರಿನ ತೊಗಲಿಗೆ ಬಹಳ ಕಾಲ ಬಳಸಿದ್ದು ಕ್ರೋಮಿಯಂ ಲವಣ. ಇದರಿಂದ ಹದವಾದ ಹಸಿ ತೊಗಲು ತಿಳಿ ನೀಲಿ ಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ವ್ಯಾಪಾರದಲ್ಲಿ ಅದಕ್ಕೆ ವೆಟ್ ಬ್ಲೂ ಎಂದೇ ಹೆಸರು. ಹದ ಸರಿಯಾಗಿದೆಯೇ ಅಂತ ನೋಡಲು ಒಂದು ತುಂಡು ಕತ್ತರಿಸಿ ಕುದಿಯುವ ನೀರಿಗೆ ಹಾಕುತ್ತಾರೆ. ಹದವಾಗದ ಚರ್ಮ ನೀರು ಸುಮಾರು 60 ಡಿಗ್ರಿ ದಾಟಿದಾಗಲೇ ಮುದುಡಿಕೊಳ್ಳುತ್ತದೆ. ಚೆನ್ನಾಗಿ ಕ್ರೋಮ್ ಹದವಾದದ್ದು ಕುದಿಯುವ ನೀರಿನಲ್ಲೂ ಆಕಾರ ಬಿಡುವುದಿಲ್ಲ. ಈಗ ಕ್ರೋಮಿಯಂ ಇಲ್ಲದ ಹದವೂ ಕಾರುಗಳಿಗೆ ಬಂದಿದೆ.

ಆದರೆ ನಮ್ಮ ಪ್ರಶ್ನೆಗೆ ಉತ್ತರ ಹದಕ್ಕಿಂತ ಜಾಸ್ತಿ ಅದರ ಮೇಲಿನ ಪದರದಲ್ಲಿದೆ. ಅಥಣಿ ಚಪ್ಪಲಿಯ ತೊಗಲು ಬರಿಮೈಯಲ್ಲಿರುತ್ತದೆ. ಎಣ್ಣೆ ಹಚ್ಚಿದರೆ ಒಳಗೆ ಇಳಿದು, ನಾರು ನಾರಿನ ನಡುವೆ ಸೇರಿ, ಅವು ಒಂದರ ಮೇಲೊಂದು ಸರಾಗ ಜಾರುವಂತೆ ಮಾಡುತ್ತದೆ. ಚಪ್ಪಲಿ ಮೆತ್ತಗಾಗುವುದು ಹೀಗೆ. ಕಾರಿನ ತೊಗಲಿಗೂ ಈ ಎಣ್ಣೆ ಬೇಕು, ಆದರೆ ಕಾರ್ಖಾನೆಯಲ್ಲೇ ಅದನ್ನು ನಾರಿನೊಳಕ್ಕೆ ಸೇರಿಸಿರುತ್ತಾರೆ. ಆಮೇಲೆ ಮೇಲೆ ಬಣ್ಣ ಬಳಿಯುತ್ತಾರೆ. ಬಣ್ಣದ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಒಂದು ಪಾರದರ್ಶಕ ಪದರ. ಎಲ್ಲ ಸೇರಿದರೂ ಸಾಮಾನ್ಯವಾಗಿ ನಮ್ಮ ತಲೆಗೂದಲಿನಷ್ಟು ದಪ್ಪ. ಅಂದರೆ ಹದಿನಾರು ವರ್ಷ ಮಾವನವರು ಹಿಡಿದದ್ದು ತೊಗಲನ್ನಲ್ಲ, ಆ ಪದರವನ್ನು. ಪದರ ಉಳಿದಿದ್ದ ಕಡೆಯೆಲ್ಲ ನಾನು ಹಚ್ಚಿದ ಹರಳೆಣ್ಣೆಗೆ ಒಳಗೆ ಇಳಿಯಲು ದಾರಿಯೇ ಇರಲಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಸ್ಟಿಯರಿಂಗ್‌ನ ಕೆಳಭಾಗದಲ್ಲಿ, ಕೈ ತಾಗದ ಕಡೆ, ಬೆರಳಿನಿಂದ ಒಂದು ಹನಿ ನೀರು ಬಿಟ್ಟೆ. ಗುಂಡಗೆ ಮುತ್ತಿನ ಹಾಗೆ ಕೂತಿತು. ಬೂದು ಜಾಗಕ್ಕೆ ಇನ್ನೊಂದು ಹನಿ ಬಿಟ್ಟೆ. ಅದು ಮೊದಲು ಚಪ್ಪಟೆಯಾಯಿತು, ಅಂಚು ಹರಡಿತು, ಎರಡು ನಿಮಿಷದೊಳಗೆ ಹೀರಿಕೊಂಡು ಅಲ್ಲೊಂದು ಕಪ್ಪು ಮಚ್ಚೆ ಉಳಿಯಿತು. ಹನಿ ನಿಂತರೆ ಪದರ ಇದೆ, ಇಳಿದರೆ ಇಲ್ಲ. ಏನೇ ಖರ್ಚು ಮಾಡುವ ಮುಂಚೆ ಈ ಹನಿ ಪರೀಕ್ಷೆ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆ ಪದರ ಹೋಗುವುದು ಬರೀ ತಿಕ್ಕಾಟದಿಂದಲ್ಲ. ಅಂಗೈಯಲ್ಲಿ ಬೆವರಿನ ಗ್ರಂಥಿಗಳು ವಿಪರೀತ. ಆದರೆ ಜಿಡ್ಡಿನ ಗ್ರಂಥಿ ಒಂದೂ ಇಲ್ಲ! ಹಾಗಾದರೆ ಸ್ಟಿಯರಿಂಗ್ ಮೇಲಿನ ಜಿಡ್ಡು ಎಲ್ಲಿಂದ ಬಂತು? ಮುಖ ಒರೆಸಿಕೊಂಡಾಗ, ತಲೆ ಸವರಿಕೊಂಡಾಗ ಕೈಗೆ ಹತ್ತಿದ್ದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಅದೂ ಸೇರುತ್ತದೆ. ಮುಖದ ಜಿಡ್ಡಿನಲ್ಲಿರುವ ಒಲಿಯಿಕ್ ಆಮ್ಲದಂಥ ಕೊಬ್ಬಿನ ಆಮ್ಲಗಳು ನಿಧಾನವಾಗಿ ಪಾಲಿಯುರೆಥೇನ್ ಒಳಗೆ ನುಸುಳಿ ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಅಂಟಂಟು ಆಗುವುದು ಇದರಿಂದ. ಮೆತ್ತಗಾದ ಪದರವನ್ನು ಉಂಗುರ, ಉಗುರು, ಧೂಳು ಸುಲಭವಾಗಿ ಕೆರೆದು ಹಾಕುತ್ತವೆ. ಬಿಸಿಲು, ಸನ್‌ಸ್ಕ್ರೀನ್, ಸ್ಯಾನಿಟೈಸರ್‌ನ ಆಲ್ಕೋಹಾಲು ಎಲ್ಲವೂ ಇದಕ್ಕೆ ಕೈಜೋಡಿಸುತ್ತವೆ. ಈ ಜಿಡ್ಡಿನ ಮೇಲೆ ನಾನು ಮತ್ತಷ್ಟು ಎಣ್ಣೆ ಸುರಿದಿದ್ದೆ.

ಇನ್ನೊಂದು ಮಾತು. ಹೊಸ ಸ್ಟಿಯರಿಂಗ್ ಮಿಂಚುವುದಿಲ್ಲ, ಸಾಮಾನ್ಯವಾಗಿ ಮಂಕಾಗಿಯೇ ಇರುತ್ತದೆ. ಮಿಂಚಿದರೆ ಅದು ಕೊಳೆ. ಹೊಳಪು ಬರಲಿ ಅಂತ ಸಿಲಿಕೋನ್ ಪಾಲಿಶ್ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ತಿರುವಿನಲ್ಲಿ ಕೈ ಜಾರಬಹುದು, ಮುಂದೆ ಬಣ್ಣ ಬಳಿದರೂ ಹಿಡಿಯುವುದಿಲ್ಲ.

ಹಾಗಾಗಿ ರಿಪೇರಿ ಅಂದರೆ ಮೊದಲು ತೊಳೆಯುವುದು, ಆಮೇಲೆ ಆ ಪದರವನ್ನು ಮತ್ತೆ ಕಟ್ಟುವುದು. ತೊಗಲು ಸ್ವಲ್ಪ ಹುಳಿ ಸ್ವಭಾವದ್ದು, ಬಟ್ಟೆ ಸೋಪು ಅದಕ್ಕೆ ವಿರುದ್ಧದ ಕ್ಷಾರ. ಅದಕ್ಕೇ ತೊಗಲಿಗೆಂದೇ ಮಾಡಿದ ಸೌಮ್ಯ ಕ್ಲೀನರ್ ತಂದೆ. ನೊರೆ ಮಾಡಿ, ಮೆತ್ತನೆಯ ಬ್ರಷ್‌ನಲ್ಲಿ ಅಂಗೈ ಅಗಲದಷ್ಟೇ ಜಾಗ ಉಜ್ಜಿ, ಕೂಡಲೇ ಒರೆಸಿದೆ. ಬಿಳಿ ಬಟ್ಟೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಆರು ಬಟ್ಟೆ ಬೇಕಾಯಿತು. ಆರನೆಯದು ಬಿಳಿಯಾಗಿಯೇ ಉಳಿದಾಗ ಅಂಟು ಬಹುಪಾಲು ಹೋಗಿತ್ತು. ನಡುವಿನ ಏರ್‌ಬ್ಯಾಗ್ ಮುಚ್ಚಳದ ಹತ್ತಿರ ನೀರು ಬಿಡಲಿಲ್ಲ, ಅದನ್ನು ಬಿಚ್ಚಲೂ ಹೋಗಲಿಲ್ಲ. ಅದು ಕಲಿತವರ ಕೆಲಸ.

ಮಾರನೇ ದಿನ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉಳಿದ ಜಿಡ್ಡು ತೆಗೆದೆ. ಆಲ್ಕೋಹಾಲು ಪದರಕ್ಕೆ ಒಳ್ಳೆಯದಲ್ಲ, ಆದರೆ ಇಲ್ಲಿ ಹೇಗೂ ಹೊಸ ಪದರ ಕಟ್ಟುವುದಿತ್ತು. ಎದ್ದ ನೂಲನ್ನು 1000 ನಂಬರಿನ ಮರಳು ಕಾಗದದಿಂದ ಹಗುರವಾಗಿ ತಿಕ್ಕಿದೆ. ಆಮೇಲೆ ಬಣ್ಣ. ಇದು ನೀರಿನಲ್ಲಿ ಬೆರೆಸಿದ್ದು. ನೀರಿನಲ್ಲಿ ಪಾಲಿಮರ್‌ನ, ಅಂದರೆ ಎಳೆಯಂತೆ ಉದ್ದವಾದ ಅಣುಗಳಿರುವ ಪ್ಲಾಸ್ಟಿಕ್‌ನ, ಸೂಕ್ಷ್ಮ ಗುಂಡುಗಳು ತೇಲುತ್ತಿರುತ್ತವೆ. ನೀರು ಆರಿದಂತೆ ಗುಂಡುಗಳು ಹತ್ತಿರ ಬಂದು, ಒತ್ತಿಕೊಂಡು, ಕೊನೆಗೆ ಒಂದರೊಳಗೊಂದು ಸೇರಿ ಹಾಳೆಯಾಗುತ್ತವೆ. ದಪ್ಪಗೆ ಬಳಿದರೆ ಮೇಲ್ಭಾಗ ಮೊದಲು ಆರಿ ಒಳಗೆ ನೀರು ಸಿಕ್ಕಿಕೊಳ್ಳುತ್ತದೆ, ಆ ಬಣ್ಣ ಆಮೇಲೆ ಬಿರುಕು ಬಿಡಬಹುದು. ಸ್ಪಂಜಿನಿಂದ ಒತ್ತಿ ಒತ್ತಿ, ತೆಳ್ಳಗೆ ಐದು ಸಲ ಹಚ್ಚಿದೆ. ಪ್ರತಿ ಸಲವೂ ಪೂರ್ತಿ ಆರುವವರೆಗೆ ಕಾದೆ. ಮೊದಲ ಸಲ ನೋಡಿದಾಗ ಕಲೆ ಕಲೆಯಾಗಿ ಕಂಡು ಬೇಜಾರಾಗುತ್ತದೆ. ಮೂರನೆಯದಕ್ಕೆ ತೊಗಲಿನ ಗೆರೆಗಳು ಹಾಗೇ ಉಳಿದು ಬಣ್ಣ ಸಮವಾಯಿತು. ಕೊನೆಗೆ ಮಂಕು ಹೊಳಪಿನ ಮೇಲ್ಪದರ, ಗಟ್ಟಿಯಾಗಲು ಅದರೊಳಗೆ ಕೆಲವು ಹನಿ ಕ್ರಾಸ್‌ಲಿಂಕರ್. ಅಳಲೆಕಾಯಿ ತೊಗಲಿನ ನಾರುಗಳ ನಡುವೆ ಹಾಕಿದ ಕೊಂಡಿಯಂಥದ್ದನ್ನೇ ಇದು ಪಾಲಿಮರ್ ಎಳೆಗಳ ನಡುವೆ ಹಾಕುತ್ತದೆ.

ತೊಗಲೇ ಹರಿದಿದ್ದರೆ, ಹೊಲಿಗೆ ಬಿಟ್ಟಿದ್ದರೆ ಇದು ಸಾಲದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಎರಡು ಸೂಜಿ ಹಿಡಿದು ಹೊಸ ತೊಗಲು ಹೊಲಿದು ಕೊಡುವವರ ಹತ್ತಿರ ಹೋಗಬೇಕು. ಅವರ ಕೈಚಳಕ ನೋಡುವುದೇ ಒಂದು ಸಂತೋಷ.

ಒಂದು ವಾರ ಕಾರು ನಿಲ್ಲಿಸಿದೆವು. ಎಂಟನೇ ದಿನ ಬೂದಾಗಿದ್ದ ಜಾಗಕ್ಕೆ ಮಾವನವರೇ ಒಂದು ಹನಿ ನೀರು ಬಿಟ್ಟು ನೋಡಿದರು. ಹನಿ ಗುಂಡಗೆ ನಿಂತಿತು. ಈಗ ಬಾಗಿಲಿನ ಖಾನೆಯಲ್ಲಿ ಒಂದು ಒದ್ದೆ ಬಟ್ಟೆಯ ಡಬ್ಬಿ ಇಟ್ಟುಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ಚಪ್ಪಲಿಗೆ ಔಡಲೆಣ್ಣೆ ಹಚ್ಚುತ್ತಾರೆ, ಸೋಪಿನಿಂದ ಕೈ ತೊಳೆದು ಬಂದು ಸ್ಟಿಯರಿಂಗ್ ಒರೆಸುತ್ತಾರೆ.