ಧಾರವಾಡ ಸೀಮೆಯ ಬೌದ್ಧರು: ನನ್ನನ್ನು ಮೂರು ದಿನ ಕಾಡಿದ ಕಾಲಂ

‘ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಬೌದ್ಧಧರ್ಮದ ಇಂದಿನ ಸ್ಥಿತಿ.’ ಧಾರವಾಡದ ಸಪ್ತಾಪುರದ ವಾಚನಾಲಯದಲ್ಲಿ ಮೂರು ದಿನ ಪರೀಕ್ಷೆಯ ಈ ಒಂದೇ ಪ್ರಶ್ನೆ ಹಿಡಿದು ಕುಳಿತಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮೊದಲು, ನನ್ನಂತೆ ಓದುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ. ಆರ್ಯಸತ್ಯ, ಅಷ್ಟಾಂಗ ಮಾರ್ಗ ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಅವನ್ನು ಬಿಟ್ಟಿದ್ದೇನೆ.

ಮೂರು ಎಳೆಗಳು

ಗದಗ ಜಿಲ್ಲೆಯ ಡಂಬಳದ ಶಾಸನ, ಅಂಬೇಡ್ಕರ್ ಹಾದಿಯ ಬೌದ್ಧರು, ಮುಂಡಗೋಡದ ಟಿಬೆಟನ್ನರು. ಇವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಬಂದವು. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕಡುಗೆಂಪು ವಸ್ತ್ರದ ಭಿಕ್ಖುಗಳನ್ನು ಕಂಡು, ಇವರೆಲ್ಲ ಧಾರವಾಡ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತಾರೆ ಎಂದುಕೊಂಡಿದ್ದೆ. ಸೇರುವುದಿಲ್ಲ. ಟಿಬೆಟನ್ನರು 1966ರಲ್ಲಿ ನೆಲೆನಿಂತ ಮುಂಡಗೋಡ ಉತ್ತರ ಕನ್ನಡ ಜಿಲ್ಲೆಯಲ್ಲಿದೆ. ಡ್ರೆಪುಂಗ್, ಗಾಂಡೆನ್ ಮಠಗಳೂ ಅಲ್ಲಿಯೇ ಇವೆ. ಸಂತೆಗೆ, ಆಸ್ಪತ್ರೆಗೆ, ರೈಲಿಗೆ ಅವರು ಹುಬ್ಬಳ್ಳಿಗೆ ಬಂದರೂ ಗಣತಿಯಲ್ಲಿ ಬೇರೆ ಜಿಲ್ಲೆಯವರು.

ಗಣತಿಯ ಗಂಟು

ರಾಜ್ಯದಲ್ಲಿ ಬೌದ್ಧರು 2001ರಲ್ಲಿ 3,93,300 ಇದ್ದರು, 2011ರಲ್ಲಿ 95,710. ಹತ್ತು ವರ್ಷದಲ್ಲಿ ನಾಲ್ಕರಲ್ಲಿ ಮೂರು ಪಾಲು ಇಳಿಕೆ! ಆದರೆ ದೀಕ್ಷಾ ಸಮಾರಂಭಗಳು, ಬುದ್ಧ ಪೂರ್ಣಿಮೆಯ ಮೆರವಣಿಗೆಗಳು ನಿಂತಿಲ್ಲ. ನಾನು ಎಡವಿದ್ದು ಇಲ್ಲಿಯೇ. ನಿಧಾನವಾಗಿ ಹೇಳುತ್ತೇನೆ.

ಹುಬ್ಬಳ್ಳಿಯ ಒಂದು ದಲಿತ ಕುಟುಂಬವನ್ನು ಕಲ್ಪಿಸಿಕೊಳ್ಳಿ. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ ಅಕ್ಕಪಕ್ಕದಲ್ಲಿವೆ. ಮಗಳ ಮದುವೆ ನಡೆದದ್ದು ಬೌದ್ಧರ ತ್ರಿಶರಣ, ಪಂಚಶೀಲ ಹೇಳಿ. ಗಣತಿದಾರ ಬಂದು ‘ಧರ್ಮ?’ ಎಂದು ಕೇಳುತ್ತಾನೆ. ಮನೆಯ ಯಜಮಾನ ತಡವರಿಸುತ್ತಾನೆ. ತಂದೆಯ ಜಾತಿ ಪ್ರಮಾಣಪತ್ರದಲ್ಲಿ, ಮಗನ ಶಾಲೆಯ ದಾಖಲೆಯಲ್ಲಿ ‘ಹಿಂದೂ’ ಎಂದಿದೆ. ಇಲ್ಲಿ ‘ಬೌದ್ಧ’ ಎಂದರೆ ಮೀಸಲಾತಿ ತಪ್ಪಿಹೋದೀತೇ? ‘ಹಿಂದೂ ಎಂದೇ ಬರೆಯಿರಿ’ ಎನ್ನುತ್ತಾನೆ. ಆ ಮನೆಯಲ್ಲಿ ಏನೂ ಬದಲಾಗಲಿಲ್ಲ, ಕಾಲಂ ಮಾತ್ರ ಬದಲಾಯಿತು.

ಈ ಹೆದರಿಕೆಗೆ ಕಾನೂನಿನಲ್ಲಿ ಈಗ ಆಧಾರವಿಲ್ಲ. ಆದರೆ ಒಂದು ಕಾಲದಲ್ಲಿ ಇತ್ತು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂಗಳು ಮಾತ್ರ ಪರಿಶಿಷ್ಟ ಜಾತಿಯವರು. 1956ರಲ್ಲಿ ಸಿಖ್ಖರು ಸೇರಿದರು. ಬೌದ್ಧರು ಸೇರಿದ್ದು 1990ರಲ್ಲಿ. 50, 56, 90 ಎಂದು ನೆನಪಿಡಿ. ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ಅಂದರೆ 34 ವರ್ಷ, ಬೌದ್ಧರಾದವರು ಆ ಸವಲತ್ತಿನ ಹೊರಗಿದ್ದರು. ಒಂದು ತಲೆಮಾರು ಕಲಿತ ಎಚ್ಚರಿಕೆಯನ್ನು ಮುಂದಿನ ತಲೆಮಾರು ಸುಲಭವಾಗಿ ಬಿಡುವುದಿಲ್ಲ ಎಂಬುದು ನನ್ನ ಅನಿಸಿಕೆ.

ಮುಖ್ಯವಾದದ್ದು ಇದು: ಗಣತಿಯ ನಮೂನೆಯಲ್ಲಿ ಧರ್ಮದ ಪ್ರಶ್ನೆ ಬೇರೆ, ಪರಿಶಿಷ್ಟ ಜಾತಿಯ ಪ್ರಶ್ನೆ ಬೇರೆ. ಒಂದರಲ್ಲಿ ‘ಬೌದ್ಧ’ ಎಂದು ಬರೆಸಿ ಇನ್ನೊಂದರಲ್ಲಿ ಜಾತಿಯ ಹೆಸರು ಹೇಳಬಹುದು. ಆದ್ದರಿಂದ 95,710 ಎಂಬುದನ್ನು ಕಾಲಂನಲ್ಲಿ ‘ಬೌದ್ಧ’ ಎಂದು ಬರೆಸಿದವರ ಸಂಖ್ಯೆ ಎಂದು ಓದಿ. ‘ಮೂರು ಲಕ್ಷ ಜನ ಧರ್ಮ ಬಿಟ್ಟರು’ ಎಂದು ಯಾರೂ ಬರೆಯಬೇಡಿ. ಆ ಅಂಕಿಯಿಂದ ಅಷ್ಟು ದೂರ ಹೋಗಲಾಗದು.

ಅಂಬೇಡ್ಕರ್ ಅವರಿಗೂ ಧಾರವಾಡಕ್ಕೂ ಇದ್ದ ನಂಟು ದೀಕ್ಷೆಗಿಂತ ಹಳೆಯದು. ಅವರು 1928ರಲ್ಲಿ ಕಟ್ಟಿದ ಶಿಕ್ಷಣ ಸಂಸ್ಥೆ ದಲಿತ ವಿದ್ಯಾರ್ಥಿಗಳಿಗಾಗಿ ನಡೆಸಿದ ವಸತಿ ನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು ನಾಗಪುರದ ದೀಕ್ಷೆಯಾದ 18 ದಿನಗಳ ಮೇಲೆ, ನವೆಂಬರ್ 1ರಂದು.

ಡಂಬಳ

1095ರ ಶಾಸನ ‘ನಮೋ ಬುದ್ಧಾಯ’ ಎಂದು ಶುರುವಾಗುತ್ತದೆ. ಧರ್ಮವೊಳಲು, ಅಂದರೆ ಡಂಬಳದಲ್ಲಿ, ಹದಿನಾರು ಸೆಟ್ಟಿಗಳು ಬುದ್ಧವಿಹಾರ ಕಟ್ಟಿಸಿದ್ದರು. ಲೊಕ್ಕಿಗುಂಡಿಯ (ಇಂದಿನ ಲಕ್ಕುಂಡಿ) ಸಂಗವಯ್ಯ ಸೆಟ್ಟಿ ಬೌದ್ಧರ ದೇವತೆ ತಾರಾದೇವಿಯ ವಿಹಾರ ಕಟ್ಟಿಸಿದ್ದ. ತಾರೆಯ ಸ್ತುತಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಮಾಸವಿದೆ: ಹರಿ-ಕರಿ-ಶಿಖಿ-ಫಣಿ-ತಸ್ಕರ-ನಿಗಳ-ಜಲಾರ್ಣವ-ಪಿಶಾಚ-ಭಯಶಮನಿ. ಬೆರಳು ಮಡಚುತ್ತಾ ಎಣಿಸಿ: ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸಂಕೋಲೆ, ಸಮುದ್ರ, ಪಿಶಾಚಿ. ಎಂಟು ಭಯ. ಸರಕು ಹೇರಿಕೊಂಡು ಊರೂರು ತಿರುಗುವ ವರ್ತಕನಿಗೆ ಇವು ದಾರಿಯಲ್ಲಿ ಎದುರಾಗುವಂಥವೇ. ಕಟ್ಟಿಸಿದವರು ಸೆಟ್ಟಿಗಳೇ ಏಕೆ ಎಂಬುದನ್ನು ಈ ಸಮಾಸವೇ ಹೇಳುತ್ತದೆ ಎಂದು ನನಗೆ ತೋರುತ್ತದೆ.

ಟಿಬೆಟನ್ನರು ಈ ತಾರೆಯನ್ನೇ ಡೋಲ್ಮಾ ಎನ್ನುತ್ತಾರೆ. ಅವರಲ್ಲಿಯೂ ಅವಳು ಎಂಟು ಭಯಗಳಿಂದ ಕಾಯುವವಳು. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಡಂಬಳದಿಂದ ಮುಂಡಗೋಡಕ್ಕೆ ನೇರ ಗೆರೆ ಎಳೆದೂಬಿಟ್ಟೆ. ಆಮೇಲೆ ಅಳಿಸಿದೆ. ಡೋಲ್ಮಾ ಇಲ್ಲಿಗೆ ಬಂದದ್ದು ಟಿಬೆಟ್ಟಿನಿಂದ ನಿರಾಶ್ರಿತರ ಜೊತೆಗೆ, ಡಂಬಳದ ಸೆಟ್ಟಿಗಳ ಮೂಲಕ ಅಲ್ಲ. ಪರೀಕ್ಷೆಯ ಉತ್ತರದಲ್ಲಿ ‘ಸಾಮ್ಯ’ ಎಂದು ಬರೆಯಿರಿ, ‘ಮುಂದುವರಿಕೆ’ ಎಂದು ಬರೆಯಬೇಡಿ.