ಒಂದೇ ಫೋನಿರುವ ತರಗತಿಯಲ್ಲಿ ಪ್ರತಿ ಮಗುವಿನ ಉತ್ತರ

ಪ್ರಾಥಮಿಕ ತರಗತಿಯಲ್ಲಿ ಆನ್‌ಲೈನ್ ಸಾಧನಗಳ ಬಳಕೆಯೆಂದರೆ ಗೋಡೆಯ ಮೇಲೆ ವಿಡಿಯೊ ಹಾಕಿ ಮಕ್ಕಳನ್ನು ಸಾಲಾಗಿ ಕೂರಿಸುವುದು ಎಂಬ ರೂಢಿ ನಮ್ಮ ಅನೇಕ ಶಾಲೆಗಳಲ್ಲಿ ಬೇರೂರಿದೆ. ಮಕ್ಕಳು ರೆಪ್ಪೆ ಮಿಟುಕಿಸದೆ ನೋಡುತ್ತಾರೆ, ಆದರೆ ಅವರಲ್ಲಿ ಯಾರಿಗೆ ಏನು ತಿಳಿಯಿತೆಂಬುದು ವಿಡಿಯೊ ಮುಗಿದ ಮೇಲೂ ಶಿಕ್ಷಕರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಯಾವುದೇ ಹೊಸ ಸಾಧನ ಕೈಗೆ ಬಂದಾಗ ನಾನು ಮೊದಲು ನೋಡುವುದು ಒಂದನ್ನೇ: ಎಂದೂ ಕೈ ಎತ್ತದೆ ಹಿಂದಿನ ಸಾಲಿನಲ್ಲಿ ಕೂರುವ ಮಗು ಏನು ಯೋಚಿಸುತ್ತಿದೆ ಎಂಬುದು ಇದರಿಂದ ನನಗೆ ಕಾಣುತ್ತದೆಯೇ?

ಈ ಅಳತೆಗೆ ಚೆನ್ನಾಗಿ ಹೊಂದುವ ಸಾಧನ ಪ್ಲಿಕರ್ಸ್ ಎಂಬ ಫೋನ್ ಆ್ಯಪ್. ಇದರಲ್ಲಿ ಮಕ್ಕಳ ಕೈಗೆ ಯಾವ ಯಂತ್ರವೂ ಬೇಡ. ಒಬ್ಬೊಬ್ಬರಿಗೂ ಒಂದೊಂದು ಕಾಗದದ ಕಾರ್ಡು ಸಾಕು. ಕಪ್ಪು ಚೌಕಗಳ ವಿನ್ಯಾಸ ಪ್ರತಿ ಕಾರ್ಡಿನಲ್ಲೂ ಬೇರೆ, ಅದರ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಅಕ್ಷರಗಳು. ತಾನು ಒಪ್ಪುವ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡನ್ನು ತಿರುಗಿಸಿ ಹಿಡಿಯುತ್ತದೆ, ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯುದ್ದಕ್ಕೂ ಒಮ್ಮೆ ಹಾಯಿಸಿದರೆ ಯಾವ ಸಂಖ್ಯೆಯ ಕಾರ್ಡು ಯಾವ ಉತ್ತರ ಕೊಟ್ಟಿದೆಯೆಂಬುದು ಪರದೆಯ ಮೇಲೆ ಮೂಡುತ್ತದೆ. ಅಕ್ಷರಗಳು ಚಿಕ್ಕವು, ಕಾರ್ಡುಗಳು ಒಂದರಂತೆ ಇನ್ನೊಂದಿಲ್ಲ. ಹೀಗಾಗಿ ಪಕ್ಕದವರನ್ನು ನೋಡಿ ತಿರುಗಿಸುವುದು ಸುಲಭವಲ್ಲ. ಕಾರ್ಡುಗಳನ್ನು ದಪ್ಪ ರಟ್ಟಿಗೆ ಅಂಟಿಸಿಡಬೇಕು; ಹೊಳೆಯುವ ಲ್ಯಾಮಿನೇಶನ್ ಮಾಡಿಸಿದರೆ ಕಿಟಕಿಯ ಬೆಳಕು ಪ್ರತಿಫಲಿಸಿ ಕ್ಯಾಮೆರಾ ಓದುವುದಿಲ್ಲ. ಬೆರಳು ಕಪ್ಪು ಭಾಗದ ಮೇಲೆ ಬರದಂತೆ ಹಿಡಿಯುವುದನ್ನೂ ಮೊದಲೇ ಅಭ್ಯಾಸ ಮಾಡಿಸಬೇಕು.

ಸಾಧನ ಇಷ್ಟೇ. ಅದರ ಫಲ ನಿಂತಿರುವುದು ನಾವು ಹಾಕುವ ಪ್ರಶ್ನೆಯ ಮೇಲೆ. ಐದನೆಯ ತರಗತಿಯ ಭಿನ್ನರಾಶಿ ಪಾಠವನ್ನೇ ತೆಗೆದುಕೊಳ್ಳಿ. 1/3 ಮತ್ತು 1/4 ಇವುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿ, ಎ: 1/3, ಬಿ: 1/4, ಸಿ: ಎರಡೂ ಸಮ, ಡಿ: ಹೇಳಲು ಬರುವುದಿಲ್ಲ ಎಂದು ಕಪ್ಪುಹಲಗೆಯ ಮೇಲೆ ಬರೆಯಿರಿ. ಬಿ ಎನ್ನುವ ಮಗು ಮೂರಕ್ಕಿಂತ ನಾಲ್ಕು ದೊಡ್ಡದೆಂಬ ಪೂರ್ಣಸಂಖ್ಯೆಯ ತಿಳಿವಳಿಕೆಯನ್ನು ಛೇದಕ್ಕೂ ಅನ್ವಯಿಸುತ್ತಿದೆ. ಸಿ ಎನ್ನುವ ಮಗು ಮೇಲಿರುವ ಒಂದನ್ನು ಮಾತ್ರ ನೋಡುತ್ತಿದೆ. ಡಿ ಎನ್ನುವ ಮಗುವನ್ನು ತಕ್ಷಣ ತಪ್ಪೆಂದು ತಳ್ಳಿಹಾಕಬಾರದು, ಏಕೆಂದರೆ ಚಿಕ್ಕ ರೊಟ್ಟಿಯ ಮೂರನೇ ಒಂದು ಭಾಗಕ್ಕಿಂತ ದೊಡ್ಡ ರೊಟ್ಟಿಯ ಕಾಲುಭಾಗ ಹೆಚ್ಚಿರಬಹುದಲ್ಲವೇ ಎಂದು ಅದು ಯೋಚಿಸಿರಲೂಬಹುದು. ಪೂರ್ಣ ಒಂದೇ ಅಳತೆಯದಾಗಿರಬೇಕೆಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು. ತಪ್ಪು ಆಯ್ಕೆಗಳನ್ನು ಹೀಗೆ ಯೋಚಿಸಿ ಬರೆದರೆ ಪರದೆಯ ಮೇಲೆ ಕಾಣುವ ಎ, ಬಿ, ಸಿ, ಡಿಗಳಲ್ಲಿ ಮಕ್ಕಳ ಮನಸ್ಸಿನೊಳಗಿನ ಲೆಕ್ಕವೇ ತೆರೆದುಕೊಳ್ಳುತ್ತದೆ.

ಉತ್ತರಗಳು ಬಂದ ಕೂಡಲೇ ಸರಿ ಯಾವುದೆಂದು ಹೇಳಿಬಿಡಬಾರದು. ಬೇರೆ ಬೇರೆ ಉತ್ತರ ಕೊಟ್ಟ ಇಬ್ಬಿಬ್ಬರನ್ನು ಜೊತೆಗೂಡಿಸಿ, ಒಬ್ಬರನ್ನೊಬ್ಬರು ಒಪ್ಪಿಸಲು ಎರಡು ನಿಮಿಷ ಕೊಟ್ಟು, ಅದೇ ಪ್ರಶ್ನೆಗೆ ಮತ್ತೊಮ್ಮೆ ಕಾರ್ಡು ಎತ್ತಿಸಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ತಮ್ಮ ಕಾಲೇಜು ತರಗತಿಗಳಲ್ಲಿ ಬೆಳೆಸಿದ ಕ್ರಮವಿದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ಗುಂಪುಗಳಲ್ಲಿ ಓದಿ ಬಂದ ನಮ್ಮ ಮಕ್ಕಳಿಗೆ ಪರಸ್ಪರ ಮಾತಾಡಿ ಕಲಿಯುವುದು ಹೊಸದೇನಲ್ಲ. ಆ ಎರಡು ನಿಮಿಷಗಳ ಗದ್ದಲಕ್ಕೆ ಶಿಕ್ಷಕರು ಹೆದರಬಾರದು. ಪಾಠ ನಡೆಯುತ್ತಿರುವುದು ಅಲ್ಲಿಯೇ.

ಇದಾದ ಮೇಲೆ ಚಿತ್ರದ ಅಗತ್ಯ ಬೀಳುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೈಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ಅನುಕರಣೆಗಳು, ಅಂದರೆ ಪರದೆಯ ಮೇಲೆ ನಾವೇ ಬದಲಿಸಿ ನೋಡಬಹುದಾದ ಚಿತ್ರಗಳು (ಸಿಮ್ಯುಲೇಶನ್), ಉಚಿತವಾಗಿ ಸಿಗುತ್ತವೆ, ಕೆಲವು ಕನ್ನಡದಲ್ಲಿಯೂ ಇವೆ. ಭಿನ್ನರಾಶಿಯ ಅನುಕರಣೆಯಲ್ಲಿ ಛೇದವನ್ನು ಒಂದೊಂದಾಗಿ ಹೆಚ್ಚಿಸಿದಂತೆ ವೃತ್ತದ ತುಂಡುಗಳು ಕಿರಿದಾಗುತ್ತಾ ಹೋಗುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಇವುಗಳನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಗುಂಡಿ ಒತ್ತುವ ಮುನ್ನ ‘ಈಗ ತುಂಡು ದೊಡ್ಡದಾಗುತ್ತದೋ ಚಿಕ್ಕದಾಗುತ್ತದೋ, ಯಾಕೆ?’ ಎಂದು ಪ್ರತಿ ಬಾರಿಯೂ ಕೇಳಬೇಕು, ಮಕ್ಕಳು ಕಾಗದದ ಪಟ್ಟಿ ಮಡಚಿ ತಮ್ಮ ಊಹೆಯನ್ನು ತಾವೇ ಪರೀಕ್ಷಿಸಬೇಕು. ಕೇಳದೆ ಒತ್ತಿದರೆ ಇದೂ ಇನ್ನೊಂದು ವಿಡಿಯೊ ಆಗಿಬಿಡುತ್ತದೆ.

ಭಾಷಾ ಪಾಠಕ್ಕೆ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಣೆಯಾಗಿವೆ. ಕಥೆಯ ನಡುವೆ ಒಂದು ಪುಟದಲ್ಲಿ ನಿಲ್ಲಿಸಿ ಮುಂದಿನ ಪುಟವನ್ನು ಮಕ್ಕಳಿಂದಲೇ ಬರೆಸಿ ಬಿಡಿಸಿದರೆ, ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವ ಮಗುವೂ ಚಿತ್ರದ ಆಸರೆಯಿಂದ ಕನ್ನಡದ ವಾಕ್ಯ ಕಟ್ಟುತ್ತದೆ.

ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ ಕೊಡುವ ರಸಪ್ರಶ್ನೆ ಆಟಗಳ ಬಗ್ಗೆ ನನಗೆ ಗಟ್ಟಿಯಾದ ಆಕ್ಷೇಪವಿದೆ. ಕಹೂಟ್‌ನಂಥವುಗಳಲ್ಲಿ ವೇಗದ ಅಂಕವನ್ನು ತೆಗೆದುಹಾಕಲು ಸಾಧ್ಯವಿದೆ, ಕಿರಿಯರ ತರಗತಿಯಲ್ಲಿ ಅದನ್ನು ತೆಗೆದೇ ಆಡಿಸಬೇಕು. ಪ್ರಶ್ನೆಯನ್ನು ಕೂಡಿಸಿ ಕೂಡಿಸಿ ಓದುವ ಮಗುವಿಗೆ ಗಣಿತ ಗೊತ್ತಿದ್ದರೂ ಪರದೆಯ ಮೇಲಿನ ಅಂಕಗಳ ಪಟ್ಟಿಯಲ್ಲಿ ಅದರ ಸ್ಥಾನ ಸದಾ ಕೊನೆಯದು, ಅದೂ ಎಲ್ಲರ ಕಣ್ಣೆದುರು.

ಇನ್ನು ಮಕ್ಕಳ ಹೆಸರಿನ ವಿಷಯ. ಪ್ಲಿಕರ್ಸ್‌ನಲ್ಲಿ ಪೂರ್ಣ ಹೆಸರು ನಮೂದಿಸುವ ಅಗತ್ಯವಿಲ್ಲ. ಕಾರ್ಡಿನ ಸಂಖ್ಯೆಗೆ ಹಾಜರಿ ಸಂಖ್ಯೆಯನ್ನು ಹೊಂದಿಸಿಕೊಂಡು, ಯಾವ ಸಂಖ್ಯೆ ಯಾರದೆಂಬುದನ್ನು ಶಿಕ್ಷಕರು ತಮ್ಮ ಪುಸ್ತಕದಲ್ಲಿಟ್ಟುಕೊಂಡರೆ ಸಾಕು. ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಆದ್ದರಿಂದ ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಬೇಕಾದ ಯಾವುದೇ ಸಾಧನವನ್ನು ತರಗತಿಗೆ ತರುವ ಮೊದಲು ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಪೋಷಕರ ಸಭೆಯಲ್ಲಿ ಅದನ್ನು ನಡೆಸಿ ತೋರಿಸಿ, ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದು ಸರಿಯಾದ ಕ್ರಮ.